ಅನಿಮೆ ಎಂದರೆ ಮಕ್ಕಳ ಕಾರ್ಟೂನ್ ಮಾತ್ರವೇ?

ಅನಿಮೆ (ಜಪಾನಿನ ಅನಿಮೇಷನ್ ಚಿತ್ರಗಳು, ಧಾರಾವಾಹಿಗಳು) ಬರೀ ಮಕ್ಕಳಾಟ, ದೊಡ್ಡವರು ನೋಡಿದರೆ ಬುದ್ಧಿ ಬಲಿತಿಲ್ಲವೆಂದೇ ಅರ್ಥ ಎಂಬ ಸಂದೇಶ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದು ಸರಿಯಲ್ಲ. ಚಿತ್ರ ಬಿಡಿಸಿ ಕಥೆ ಹೇಳುವುದು ಒಂದು ವಿಧಾನವೇ ಹೊರತು ನೋಡುಗರ ವಯಸ್ಸಿನ ಗುರುತಲ್ಲ. ಅನೇಕ ಅನಿಮೆಗಳಿಗೆ ಮೂಲವಾದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆಗಳು, ಜಪಾನಿನಲ್ಲಿ ಹುಡುಗರಿಗೆ ‘ಶೋನೆನ್’, ವಯಸ್ಕ ಗಂಡಸರಿಗೆ ‘ಸೇನೆನ್’, ವಯಸ್ಕ ಹೆಂಗಸರಿಗೆ ‘ಜೋಸೇ’ ಎಂದು ಬೇರೆಬೇರೆ ಪತ್ರಿಕೆಗಳಲ್ಲೇ ಬರುತ್ತವೆ. 1988ರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಎಂಬ ಅನಿಮೆ ಚಲನಚಿತ್ರದಲ್ಲಿ, 1945ರ ಕೋಬೆ ನಗರದ ಬಾಂಬ್ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡ ಪುಟ್ಟ ಹುಡುಗಿ ಹಸಿವಿನಿಂದ ಸೊರಗಿ, ಗಾಜಿನ ಬಿಲ್ಲೆಗಳನ್ನೇ ಪೆಪ್ಪರಮಿಂಟೆಂದು ಚೀಪುತ್ತಾಳೆ. ಎಳೆಯ ಮಕ್ಕಳಿಗೆ ಇದನ್ನು ತೋರಿಸಲು ನನಗಂತೂ ಮನಸ್ಸಾಗದು. ಸಂದೇಶ ಕಳಿಸುವ ಅನೇಕರಿಗೆ ಇರುವುದು ಮನೆಯವರ ಮೇಲಿನ ಕಾಳಜಿಯೇ; ಯಾರೇ ಆಗಲಿ, ಅನಿಮೆ ನೋಡುವ ಆ್ಯಪ್‌ನಲ್ಲಿ ಶೀರ್ಷಿಕೆಯ ಬಳಿ ಕಾಣುವ ‘ಯು/ಎ 13+’, ‘ಎ’ ಮುಂತಾದ ವಯೋಸೂಚನೆಯನ್ನು ಓದಿ, ಒಂದು ಕಂತನ್ನು ಪೂರ್ತಿ ನೋಡಿ ತಾವೇ ತೀರ್ಮಾನಿಸಬಹುದು.