ಎತ್ತಿನ ಹಲ್ಲು, ಲ್ಯಾಪ್‌ಟಾಪಿನ ಹಲ್ಲು

ಸಂಕ್ರಾಂತಿ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಎತ್ತು ಕೊಳ್ಳಲು ಬಂದವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಕೋಡಿಗೆ ಎಷ್ಟೇ ಬಣ್ಣ ಬಳಿದಿರಲಿ, ಝೂಲ ಹೊದಿಸಿರಲಿ, ವಯಸ್ಸಿನ ಲೆಕ್ಕ ಹಲ್ಲಿನದೇ. ಅದೇ ಮಂದಿ ಏಳು ವರ್ಷದ ಲ್ಯಾಪ್‌ಟಾಪ್ ಚಾಲೂ ಆಗಲು ಐದು ನಿಮಿಷ ತಗೊಂಡರೆ ಸಾಕು, ಬಾಯಿ ಬಿಡಿಸದೆಯೇ "ಇದು ಮುಗೀತ್ರಿ, ಹೊಸಾದ ತಗೋಬೇಕು" ಅನ್ನುತ್ತಾರೆ.

ಲ್ಯಾಪ್‌ಟಾಪ್ ಒಮ್ಮೆಗೇ ಮುದಿಯಾಗುವುದಿಲ್ಲ. ಒಂದೊಂದು ಭಾಗಕ್ಕೆ ಒಂದೊಂದು ಆಯುಷ್ಯ. ನಿಧಾನವಾಗಿದೆ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ನಿಮಿಷಕ್ಕೆ 5400 ಸುತ್ತು ತಿರುಗುವ ಹಳೆಯ ಹಾರ್ಡ್ ಡಿಸ್ಕ್. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ: ಏನೂ ಕೆಲಸವಿಲ್ಲದಾಗಲೂ ಡಿಸ್ಕ್ 100 ಪ್ರತಿಶತ ತೋರಿಸಿದರೆ ಕಳ್ಳ ಸಿಕ್ಕ. ಅದರ ಜಾಗಕ್ಕೆ 2.5 ಇಂಚಿನ, 7 ಮಿಲಿಮೀಟರ್ ದಪ್ಪದ, ತಿರುಗುವ ಭಾಗವೇ ಇಲ್ಲದ ಸಾಟಾ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ (ತಾತ್ಕಾಲಿಕ ನೆನಪು) 4 ಜಿಬಿ ಇದ್ದದ್ದನ್ನು 8 ಮಾಡಿದರೆ ಯಂತ್ರ ಕೊಟ್ಟಿಗೆಯಿಂದ ಬಿಟ್ಟ ಹೋರಿಯಂತಾಗುತ್ತದೆ. ರ‍್ಯಾಮ್ ತರುವ ಮುನ್ನ ಹಳೆಯದರ ಚೀಟಿ ಓದಿಕೊಳ್ಳಿ. ಡಿಡಿಆರ್3ಎಲ್ ಬಗೆಯದರ ಜಾಗದಲ್ಲಿ ಡಿಡಿಆರ್4 ಕೂಡುವುದಿಲ್ಲ, ಸೀಳಿನ ಸ್ಥಾನವೇ ಬೇರೆ.

ನಮ್ಮ ಕಡೆ ಇದಕ್ಕಿಂತ ದೊಡ್ಡ ರೋಗ ಧೂಳು. ಎರೆಮಣ್ಣಿನ ಸಣ್ಣ ಧೂಳು, ಜೊತೆಗೆ 40 ಡಿಗ್ರಿ ದಾಟುವ ಬೇಸಿಗೆ, ಮೇಲೆ ಹಾಸಿಗೆಯ ಮೇಲಿಟ್ಟು ಸಿನಿಮಾ ನೋಡುವ ಚಾಳಿ. ಹಿಂಬದಿ ಮುಚ್ಚಳ ತೆಗೆದರೆ ಫ್ಯಾನು ಮೇಲುನೋಟಕ್ಕೆ ಸ್ವಚ್ಛವಾಗಿಯೇ ಕಾಣುತ್ತದೆ. ಫ್ಯಾನಿಗೂ ತಾಮ್ರದ ಕೊಳವೆ ಸೇರುವ ರೆಕ್ಕೆಗಳಿಗೂ ನಡುವೆ ಕೌದಿ ಹಾಸಿದಂತೆ ಅರಳೆ-ಧೂಳಿನ ಪದರ ಕೂತಿರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಹೊರಬರುವುದಿಲ್ಲ, ಒಳಗೇ ಸರಿಯುತ್ತದೆ. ಫ್ಯಾನನ್ನೇ ಬಿಚ್ಚಿ ಚಿಮುಟದಿಂದ ಎಳೆದರೆ ಇಡೀ ಕೌದಿ ಒಂದೇ ತುಂಡಾಗಿ ಬರುತ್ತದೆ. ಹೇಸಿಗೆ ಎನಿಸಿದರೂ ಮನಸ್ಸಿಗೆ ಭಾರಿ ತೃಪ್ತಿ. ಗಾಳಿ ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅಳತೆ ಮೀರಿ ತಿರುಗಿ ಬೇರಿಂಗ್ ಹೋಗುತ್ತದೆ. ಪ್ರೊಸೆಸರ್ ಮೇಲೆ ಒಣಗಿ ಬಿರಿದ, ಬಿಸಿ ಸಾಗಿಸುವ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಜೋಳದ ಕಾಳಿನಷ್ಟು ಹೊಸದನ್ನಿಟ್ಟು, ಸ್ಕ್ರೂಗಳನ್ನು ಪಕ್ಕದಲ್ಲಿ ಬರೆದ 1, 2, 3, 4ರ ಕ್ರಮದಲ್ಲೇ ಬಿಗಿಯಬೇಕು. ಹೆಚ್ಚು ಕಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಮುದಿತನ ಎಂದು ನಾವು ಹೆಸರಿಟ್ಟದ್ದರಲ್ಲಿ ಅರ್ಧ ಇದೇ.

ಬ್ಯಾಟರಿ ಮುನ್ನೂರು-ಐನೂರು ಚಾರ್ಜಿನ ನಂತರ ಸೊರಗುವುದು ಸಹಜ, ಬದಲಿಸಿದರಾಯಿತು. ಆದರೆ ಟಚ್‌ಪ್ಯಾಡ್ ಉಬ್ಬಿ ಕ್ಲಿಕ್ ಆಗದಿದ್ದರೆ ಕೆಳಗೆ ಬ್ಯಾಟರಿ ಊದಿದೆ ಎಂದು ಅನುಮಾನಿಸಿ. ಊದಿದ್ದೇ ಹೌದಾದರೆ ಅಂದೇ ಚಾರ್ಜ್ ನಿಲ್ಲಿಸಿ. ಒತ್ತುವುದು, ಚುಚ್ಚುವುದು ಬೇಡವೇ ಬೇಡ.

ಪರದೆಯ ಹಿಂಜ್ ಮುರಿದರೆ ಅರಾಲ್ಡೈಟ್ ಹಚ್ಚುವುದು ನಮ್ಮಲ್ಲಿ ರೂಢಿ. ತಪ್ಪಲ್ಲ. ಆದರೆ ಬಿಗಿಯಾದ ಹಿಂಜೇ ಪ್ಲಾಸ್ಟಿಕ್ಕಿನಲ್ಲಿ ಹುಗಿದ ಹಿತ್ತಾಳೆ ನಟ್ಟುಗಳನ್ನು ಕಿತ್ತದ್ದು. ಅದನ್ನು ತುಸು ಸಡಿಲಿಸದೆ ಅಂಟಿಸಿದರೆ ಸ್ವಲ್ಪ ದಿನದಲ್ಲೇ ಮತ್ತೆ "ಕಟ್" ಎಂದು ಸದ್ದು ಬರುತ್ತದೆ.

ಎಲ್ಲ ಭಾಗಗಳೂ ಕೂಡುವ ಮದರ್ ಬೋರ್ಡ್ ಮಾತು ಬೇರೆ. ಚಹಾ ಚೆಲ್ಲಿ ಗೆರೆಗಳು ಹಸಿರುಗಟ್ಟಿದ್ದರೆ, ಗ್ರಾಫಿಕ್ಸ್ ಚಿಪ್‌ಗೆ ಬಿಸಿಗಾಳಿ ಹಾಯಿಸಿ ಎಬ್ಬಿಸುತ್ತೇನೆಂದು ಯಾರಾದರೂ ಹೇಳಿದರೆ, ಅಲ್ಲಿಗೇ ಕೈಬಿಡಿ. ಹಾಗೆ ಎದ್ದದ್ದು ಬಹಳ ಸಲ ಕೆಲವೇ ವಾರದಲ್ಲಿ ಮತ್ತೆ ಮಲಗುತ್ತದೆ. ಆಮೇಲೆ ಅದು ಅಂಗಡಿಯ ಮೂಲೆಯಲ್ಲಿ ವಿಜಯಪುರದ ನಮ್ಮ ಬಾರಾ ಕಮಾನ್ ಗೋರಿಯಂತೆ ಅರ್ಧಕ್ಕೆ ನಿಂತಿರುತ್ತದೆ. ನೋಡಲು ಪ್ರವಾಸಿಗರು ಮಾತ್ರ ಬರುವುದಿಲ್ಲ.

ಇನ್ನೊಂದು ಹಲ್ಲು ಕಣ್ಣಿಗೆ ಕಾಣದ್ದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಇಲ್ಲವೇ ಅದಕ್ಕಿಂತ ಹೊಸ ತಲೆಮಾರಿನದಾಗಿರಬೇಕು. ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಪತ್ರ ಬರೆಯಲು, ಬ್ಯಾಂಕಿನ ಪುಟ ನೋಡಲು ಏನೂ ಕೊರತೆಯಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ಮಾತ್ರ ಈ ದಾರಿ ಕಷ್ಟ.

ರಿಪೇರಿಯ ಒಟ್ಟು ಖರ್ಚು ಅದೇ ದರ್ಜೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಅರ್ಧ ಬೆಲೆ ದಾಟಿತೆಂದರೆ ಹೊಸದರ ಕಡೆ ಹೊರಡಿ. ಅಂಗಡಿಯಲ್ಲಿ ಬಣ್ಣ, ತೂಕ ಕೇಳುವ ಮುನ್ನ ಒಂದು ಪ್ರಶ್ನೆ: ರ‍್ಯಾಮ್ ಬೋರ್ಡಿಗೇ ಬೆಸೆದದ್ದೋ, ಇಲ್ಲ ಖಾಲಿ ಸ್ಲಾಟ್ ಒಂದಾದರೂ ಇದೆಯೋ? ಮಾರುವವ ಒಳಗೆ ಹೋಗಿ ಇನ್ನೊಬ್ಬರನ್ನು ಕೇಳಿಕೊಂಡು ಬರುವಷ್ಟು ಹೊತ್ತು ಸ್ಟೂಲಿನ ಮೇಲೆ ಕೂತಿರಿ.