ಸ್ಪಷ್ಟನೆ: ನಿದ್ದೆ ಮಾತ್ರೆ ಬಿಟ್ಟ ಮೇಲಿನ ಸುಸ್ತು ಸೋಮಾರಿತನವಲ್ಲ

'ನಿದ್ದೆ ಮಾತ್ರೆ ವಾರದೊಳಗೆ ಮೈಯಿಂದ ಹೊರಹೋಗುತ್ತದೆ, ಆಮೇಲಿನ ಸುಸ್ತೆಲ್ಲ ಸೋಮಾರಿತನ, ಬೆವರು ಕಿತ್ತು ಬರುವಂತೆ ವ್ಯಾಯಾಮ ಮಾಡಿದರೆ ಸರಿಹೋಗುತ್ತದೆ' ಎಂಬ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ಅರ್ಧ ಸತ್ಯವಿದೆ, ಅದೇ ತೊಂದರೆ.

ಆಲ್ಪ್ರಜೋಲಾಮ್‌ನಂಥ ಮಾತ್ರೆ ಕೆಲವೇ ದಿನಗಳಲ್ಲಿ ರಕ್ತದಿಂದ ಹೋಗುತ್ತದೆ, ನಿಜ. ಡಯಾಜೆಪಾಮ್‌ಗೆ ವಾರಗಳೇ ಬೇಕಾಗಬಹುದು. ಆದರೆ ಮಾತ್ರೆ ಹೋದ ಮಾತ್ರಕ್ಕೆ ಮಿದುಳು ಹಳೆಯ ಸ್ಥಿತಿಗೆ ಮರಳುವುದಿಲ್ಲ. ಅದರ ಶಾಂತಗೊಳಿಸುವ 'ಗಾಬಾ' ವ್ಯವಸ್ಥೆ ಔಷಧಕ್ಕೆ ಒಗ್ಗಿಕೊಂಡಿರುತ್ತದೆ. ಮತ್ತೆ ಹೊಂದಿಕೊಳ್ಳಲು ವಾರಗಳು, ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗೆಯ ಮಾತ್ರೆಗಳ ಬಗ್ಗೆ 2020ರಲ್ಲಿ ಕೊಟ್ಟ ಎಚ್ಚರಿಕೆಯಲ್ಲಿ 12 ತಿಂಗಳು ಮೀರಿದ ಲಕ್ಷಣಗಳ ಪ್ರಸ್ತಾಪವೂ ಇದೆ.

ವ್ಯಾಯಾಮ ಬೇಡವೆಂದಲ್ಲ, ಅಳತೆ ಮುಖ್ಯ. ತುಸು ಚೇತರಿಕೆ ಕಂಡ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೋಗಿ ಮರುದಿನ ಏಳಲಾಗದಂತಾಗುವುದು ಸಾಮಾನ್ಯ ತಪ್ಪು. 10 ನಿಮಿಷ ನಿಧಾನ ನಡಿಗೆಯಿಂದ ಶುರು ಮಾಡಿ. ಮರುದಿನ ಸುಸ್ತು ಹೆಚ್ಚದಿದ್ದರೆ ಮಾತ್ರ ವಾರಕ್ಕೆ 2-3 ನಿಮಿಷ ಸೇರಿಸಿ. ಏಳುವ ಹೊತ್ತು ರಾತ್ರಿ ನಿದ್ದೆ ಕೆಟ್ಟರೂ ಒಂದೇ ಇರಲಿ. ಹಗಲು ಮಲಗಲೇಬೇಕಾದರೆ ಮಧ್ಯಾಹ್ನ 3ರೊಳಗೆ, 20-30 ನಿಮಿಷ. ಕಾಫಿಯಿಂದ ಸುಸ್ತು ಓಡಿಸಲು ಹೋದರೆ ಆತಂಕ, ನಿದ್ರಾಹೀನತೆ ಎರಡೂ ಕೆರಳುತ್ತವೆ.

ಎಲ್ಲ ಸುಸ್ತನ್ನೂ ಮಾತ್ರೆಯ ತಲೆಗೆ ಕಟ್ಟಲೂಬಾರದು: ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಒಮ್ಮೆ ಪರೀಕ್ಷಿಸಿ.

ಇನ್ನೂ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಸಂದೇಶ ನಂಬಿ ದಿಢೀರನೆ ನಿಲ್ಲಿಸಬೇಡಿ. ವೈದ್ಯರು ಸಾಮಾನ್ಯವಾಗಿ 2-4 ವಾರಕ್ಕೊಮ್ಮೆ ಮಾತ್ರೆಯ ಪ್ರಮಾಣವನ್ನು ಶೇ. 5-10ರಷ್ಟು ಇಳಿಸುತ್ತಾರೆ. ಫಿಟ್ಸ್, ಗೊಂದಲ, ಇಲ್ಲದ್ದು ಕಾಣಿಸುವುದು ಶುರುವಾದರೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.