ಅಂಗೈ ಹುಣ್ಣಿಗೆ ಕನ್ನಡಿ ಮಂಡಳಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತ ನಾವು ಕೇಳ್ತೀವಿ. ಅಮೆರಿಕದಲ್ಲಿ ಬೇಕು, ಒಂದು ಶೋಧ ಸುಲಭವಾಗಿ ಹೊಳೆಯುವಂಥದ್ದೇ ಅಲ್ಲವೇ ಎಂದು ತೀರ್ಮಾನಿಸಲು. ಕನ್ನಡಿ ಹಿಡಿಯಲು ಪೇಟೆಂಟ್ (ಶೋಧದ ಮೇಲೆ ಶೋಧಕನಿಗೆ ಸಿಗುವ ಹಕ್ಕು) ಕಚೇರಿಯ ಮೇಲ್ಮನವಿ ಮಂಡಳಿ, ಹಿಡಿದದ್ದು ನೆಟ್ಟಗಿದೆಯೇ ಎಂದು ನೋಡಲು ವಾಷಿಂಗ್ಟನ್ನಿನ ಫೆಡರಲ್ ಸರ್ಕ್ಯೂಟ್ ಕೋರ್ಟು.

ಆಯಾ ಕಸುಬಿನ ಸಾಧಾರಣ ಕುಶಲಿಗನಿಗೆ ಸುಲಭವಾಗಿ ಹೊಳೆಯುವಂಥದ್ದಕ್ಕೆ ಪೇಟೆಂಟ್ ಇಲ್ಲ ಎನ್ನುತ್ತದೆ ಅಲ್ಲಿಯ ಕಾನೂನಿನ 103ನೇ ಕಲಂ. ಈ ಸಾಧಾರಣ ಮನುಷ್ಯ ಎಂಥವನು ಅಂದುಕೊಂಡಿರಿ? ತನ್ನ ಕಸುಬಿನ ಬಗ್ಗೆ ಲೋಕದಲ್ಲಿ ಅಚ್ಚಾದದ್ದೆಲ್ಲ ಅವನಿಗೆ ಬಾಯಿಪಾಠ, ಜಪಾನಿ ಭಾಷೆಯದ್ದೂ ಸೇರಿ. ಸ್ವಂತ ಬುದ್ಧಿಯ ವಿಷಯದಲ್ಲಿ ಮಾತ್ರ ಅನುಮಾನವಿತ್ತು. 2007ರಲ್ಲಿ, ಕಾರಿನ ಪೆಡಲ್ಲಿನ ವ್ಯಾಜ್ಯವೊಂದರಲ್ಲಿ, ಅವನೇನು ಯಂತ್ರವಲ್ಲ, ಅವನಿಗೂ ಸಾಧಾರಣ ಕಲ್ಪನಾಶಕ್ತಿ ಇದೆ ಎಂದು ಸುಪ್ರೀಂ ಕೋರ್ಟು ಹೇಳಿತು. 1952ರ ಕಾನೂನಿನಲ್ಲಿ ಹೆಸರು ಬಂದಿದ್ದವನು, ಪಾಪ.

ರಾಂಬಸ್ ಕಂಪನಿಯ ಕಂಪ್ಯೂಟರ್ ಮೆಮೊರಿ ಪೇಟೆಂಟನ್ನೇ ನೋಡಿ. ಕಂಪ್ಯೂಟರಿನೊಳಗಿನ ಗಡಿಯಾರದ ಮಿಡಿತ ಏರುವಾಗ ಒಂದು ಬಿಟ್, ಅಂದರೆ ಮಾಹಿತಿಯ ಒಂದು ಚೂರು, ಇಳಿಯುವಾಗ ಇನ್ನೊಂದು ಬಿಟ್ ಸಾಗಿಸುವುದು. ಸಂತೆಗೆ ಹೇರು ಹೊತ್ತು ಹೋದ ಗಾಡಿ ಖಾಲಿ ಬರದೆ ಬರುವಾಗಲೂ ಹೇರು ಹೊತ್ತು ಬಂದ ಹಾಗೆ. ಮೂಲ ಅರ್ಜಿ 1990ರದ್ದು, ಪೇಟೆಂಟ್ ಕೈಗೆ ಬಂದದ್ದು 2001ರಲ್ಲಿ. ಇಂಟೆಲ್‌ನ ಹಳೇ ಕೈಪಿಡಿಯನ್ನೂ ಜಪಾನಿನ ಹಳೇ ಪೇಟೆಂಟ್ ಅರ್ಜಿಯೊಂದನ್ನೂ ಪಕ್ಕಪಕ್ಕ ಇಟ್ಟ ಮಂಡಳಿ, ಇದು ಯಾರಿಗಾದರೂ ಹೊಳೆಯುತ್ತಿತ್ತು ಎಂದಿತು. ಕೋರ್ಟು ಒಪ್ಪಲಿಲ್ಲ. ಹೊಳೆಯುತ್ತಿರಲಿಲ್ಲ ಎಂದು ರುಜುವಾತು ಮಾಡುವ ಹೊರೆಯನ್ನು ಕಂಪನಿಯ ಹೆಗಲಿಗೇ ಹಾಕಿದ್ದೀರಲ್ಲ, ಮತ್ತೆ ನೋಡಿ ಅಂತ ಕಡತ ವಾಪಸ್ ಕಳಿಸಿತು.

ಕೋರ್ಟಿನ ಮಾತಿನಲ್ಲಿ ನ್ಯಾಯವಿಲ್ಲ ಅಂತ ನಾನೇನೂ ಹೇಳುವುದಿಲ್ಲ. ಒಗಟು ಬಿಡಿಸಿದ ಮೇಲೆ "ಅಯ್ಯೋ, ಇಷ್ಟೇನಾ" ಅನ್ನದವರು ಯಾರಿದ್ದಾರೆ? ಅಜ್ಜಿ ಒಗಟು ಹೇಳುವಾಗ ಬಾಯಿ ಬಿಟ್ಟುಕೊಂಡು ಕೂತವರೇ ಆಮೇಲೆ "ನಂಗೆ ಮೊದಲೇ ಗೊತ್ತಿತ್ತು" ಅನ್ನುವುದು. ಅದಕ್ಕೇ ನ್ಯಾಯಾಧೀಶರು 1990ಕ್ಕೆ ವಾಪಸ್ ಹೋಗಿ, ಆಮೇಲೆ ಕಲಿತದ್ದೆಲ್ಲ ಮರೆತು ಯೋಚಿಸಬೇಕಂತೆ. ಮರೆಯುವ ಕೆಲಸಕ್ಕೂ ಸಂಬಳವುಂಟು.

ಕೋರ್ಟು ಹೀಗೆಂದದ್ದು 2013ರ ಸೆಪ್ಟೆಂಬರಿನಲ್ಲಿ. ಅರ್ಜಿ ಹಾಕಿದ ದಿನದಿಂದ 20 ವರ್ಷ ಲೆಕ್ಕ ಹಾಕಿದರೆ ಪೇಟೆಂಟಿನ ಆಯಸ್ಸು 2010ಕ್ಕೇ ಮುಗಿದಿತ್ತು. ಆಯಸ್ಸಿದ್ದಾಗ ಬೇರೆಯವರು ಬಳಸಿಕೊಂಡದ್ದರ ಹಳೇ ನಷ್ಟದ ಲೆಕ್ಕ ಬಾಕಿ ಇರಬಹುದು ಎಂದು ಸತ್ತ ಮೇಲೂ ನಾಡಿ ಹಿಡಿದು ಕೂತಿದ್ದರು. ಆ ಸಾಧಾರಣ ಕುಶಲಿಗನನ್ನು ಸಾಕ್ಷಿ ಕಟ್ಟೆಗೆ ಹತ್ತಿಸಿ ಕೇಳಿದ್ದರೆ ಅಂದೇ ಇತ್ಯರ್ಥವಾಗುತ್ತಿತ್ತು. ಅವನು ಹುಟ್ಟಿಯೇ ಇಲ್ಲವಲ್ಲ.